ಮೋಸ್ಟ್ ಒಬಿಡಿಯಂಟ್ ಸರ್ವೆಂಟ್

ಸೋಮವಾರ ಮಧ್ಯಾಹ್ನ ಆ ರಜೆ ಅರ್ಜಿ ಮೂರನೇ ಸಲ ವಾಪಸ್ ಬಂತು. ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ಅದೇ ಮಾತು: ನಾಟ್ ಇನ್ ಪ್ರಾಪರ್ ಫಾರ್ಮ್. ಅರ್ಜಿ ನಮೂನೆಯ ಪ್ರಕಾರ ಇಲ್ಲವಂತೆ. ಕೆಳಗೆ ನಮ್ಮ ಸೂಪರಿಂಟೆಂಡೆಂಟರ ಸಹಿ. ಆಫೀಸಿನಲ್ಲಿ ಅವರಿಗೆ ‘ಅಲ್ಪವಿರಾಮ’ ಅಂತ ಹೆಸರು. ಒಂದು ಅಲ್ಪವಿರಾಮ ತಪ್ಪಿದರೂ ಕಾಗದ ವಾಪಸ್ ಕಳಿಸುವ ಮನುಷ್ಯ. ಊರಿಗೆ ನೀರು ಎರಡು ದಿನ ತಡವಾದರೆ ಚಿಂತೆಯಿಲ್ಲ, ಕಾಗದದಲ್ಲಿ ಚುಕ್ಕಿ ತಡವಾಗಬಾರದು.

ಅರ್ಜಿ ನನ್ನ ಓರಗಿತ್ತಿಯದು. ನಮ್ಮ ಮೈದುನ ಈ ನೀರು ಸರಬರಾಜು ಆಫೀಸಿನ ಪಂಪ್‌ಹೌಸಿನಲ್ಲಿದ್ದ. ಅವನು ತೀರಿಕೊಂಡ ಮೇಲೆ ಆ ಕೆಲಸವನ್ನು ಇವಳಿಗೆ ಕೊಟ್ಟರು. ಮೋಟಾರಿನ ಸದ್ದು ಕೇಳಿಯೇ ಎಲ್ಲಿ ಏನು ಕೆಟ್ಟಿದೆ ಅಂತ ಹೇಳುತ್ತಾಳೆ. ಆದರೆ ಸೇರಿ ಎರಡು ವರ್ಷ ತುಂಬಿಲ್ಲ, ಕೆಲಸ ಇನ್ನೂ ಕಾಯಂ ಆಗಿಲ್ಲ. ಮಂಜೂರಾತಿ ಇಲ್ಲದೆ ಒಂದು ದಿನ ತಪ್ಪಿಸಿಕೊಂಡರೂ ಸಾಕು, ಮನೆಗೆ ಕಳಿಸಬಹುದು.

ಅವಳಿಗೆ ಬೇಕಾಗಿದ್ದು ಹದಿನೈದು ದಿನ. ಮಗಳು ಬೇರೆ ಊರಿನಲ್ಲಿ ತುಂಬು ಬಸುರಿ. ಹೋದ ವರ್ಷ ಹುಟ್ಟಿದ ಮಗು ಉಸಿರಾಡಲೇ ಇಲ್ಲ. ಆಗ ಇವಳು ಪಂಪ್‌ಹೌಸಿನಲ್ಲಿದ್ದಳು, ಸುದ್ದಿ ಫೋನಿನಲ್ಲಿ ಬಂತು. ಈ ಸಲ ಡಾಕ್ಟರು ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಆಪರೇಷನ್ ಅಂತ ದಿನ ಗೊತ್ತು ಮಾಡಿದ್ದರು. ಗುರುವಾರ ನಾಲ್ಕು ಗಂಟೆಯ ಬಸ್ಸು ಹಿಡಿದರೆ ಮಾತ್ರ ಹೊತ್ತಿಗೆ ಸರಿಯಾಗಿ ಅಲ್ಲಿರಬಹುದು. ‘ಅಮ್ಮಾ, ನೀನು ಪಕ್ಕದಲ್ಲಿ ಇರಲೇಬೇಕು’ ಅಂತ ಮಗಳು ಅತ್ತಿದ್ದಳು.

ರಜೆ ಅವಳ ಹೆಸರಿನಲ್ಲಿತ್ತು. ಅವಳ ಬದಲಿಗೆ ಪಂಪ್ ನೋಡಿಕೊಳ್ಳಲು ಆಳೂ ಸಿದ್ಧನಿದ್ದ. ತಕರಾರು ಇದ್ದದ್ದು ಇಂಗ್ಲಿಷಿನಲ್ಲಿ. ಸತ್ಯ ಹೇಳಬೇಕೆಂದರೆ ಆ ತಕರಾರಿಗೆ ನಾನೇ ಕಾರಣ.

ನಾನು ಈ ಆಫೀಸಿನ ಟೈಪಿಸ್ಟ್. ಮೂವತ್ತೊಂದು ವರ್ಷದಿಂದ ಇಲ್ಲಿಂದ ಹೊರಟ ಕಾಗದಗಳೆಲ್ಲ ನನ್ನ ಬೆರಳಿನಿಂದ ಹೊರಟವು. ಹಳೆಯ ಇಂಗ್ಲಿಷ್ ನನ್ನ ಹೆಮ್ಮೆ. ‘ಇನ್‌ಸ್ಟೆಂಟ್’ ಅಂದರೆ ಈ ತಿಂಗಳು, ‘ಅಲ್ಟಿಮೋ’ ಅಂದರೆ ಕಳೆದ ತಿಂಗಳು, ‘ಪ್ರಾಕ್ಸಿಮೋ’ ಅಂದರೆ ಬರುವ ತಿಂಗಳು. ಡಿಗ್ರಿ ಮಾಡಿ ಬಂದ ಹುಡುಗರು ಇದನ್ನು ಕೇಳಿ ಕಣ್ಣು ಕಣ್ಣು ಬಿಟ್ಟರೆ ನನಗೆ ಒಳಗೊಳಗೇ ಖುಷಿ. ರಜೆ ಅರ್ಜಿಯ ನಮೂನೆಯನ್ನು ಟೈಪ್‌ರೈಟರ್ ಕಾಲದಲ್ಲಿ ಬಡಿದವಳೂ ನಾನೇ, ಆಮೇಲೆ ಕಂಪ್ಯೂಟರಿಗೆ ಹತ್ತಿಸಿದವಳೂ ನಾನೇ. ಮೆಷಿನ್ನು ಹೋಯಿತು, ಅರ್ಜಿಯಲ್ಲಿನ ಬೇಡಿಕೊಳ್ಳುವ ಮಾತು ಹೋಗಲಿಲ್ಲ.

ಎರಡು ವಾರದ ಹಿಂದೆ ಓರಗಿತ್ತಿ ನನ್ನ ಟೇಬಲ್ಲಿಗೆ ಬಂದಿದ್ದಳು. ನಮೂನೆಯಲ್ಲಿ ಅವಳ ಹೆಸರು, ದಿನಾಂಕ ತುಂಬಿಸಿ ಮುಂದಿಟ್ಟೆ. ಬೇರೆಯವರಾಗಿದ್ದರೆ ಪೆನ್ನು ತೆಗೆದು ಗೀಚಿ ಹೋಗುತ್ತಿದ್ದರು. ಇವಳು ಕುರ್ಚಿ ಎಳೆದುಕೊಂಡು ಕೂತಳು.

“ಅಕ್ಕ, ಇದರಲ್ಲಿ ಏನು ಬರೆದಿದೆ?”

“ರಜೆ ಬೇಕು ಅಂತ ಬರೆದಿದೆ. ಸೈನ್ ಹಾಕು.”

“ರಜೆ ಬೇಕು ಅನ್ನೋಕೆ ಇಷ್ಟುದ್ದ ಯಾಕೆ? ಒಂದೊಂದೇ ಮಾತು ಬಿಡಿಸಿ ಹೇಳು. ಗೊತ್ತಿಲ್ಲದ್ದಕ್ಕೆ ಸೈನ್ ಹಾಕಿ ನಿನ್ನ ಮೈದುನ ಒಂದು ಸೈಟೇ ಕಳ್ಕೊಂಡ.”

ಹೇಳಿದೆ. ‘ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್’, ಅಂದರೆ ತೀರಾ ತಗ್ಗಿ ಬಗ್ಗಿ ಬೇಡಿಕೊಂಡು ತಿಳಿಸುವುದೇನೆಂದರೆ. ‘ಆ್ಯಸ್ ಇನ್ ಡ್ಯೂಟಿ ಬೌಂಡ್ ಶಲ್ ಎವರ್ ಪ್ರೇ’, ಅಂದರೆ ಈ ಉಪಕಾರಕ್ಕೆ ಕಟ್ಟುಬಿದ್ದು ಸದಾ ತಮಗಾಗಿ ಪ್ರಾರ್ಥಿಸುತ್ತಿರುತ್ತೇನೆ.

“ಯಾರಿಗೋಸ್ಕರ? ಅಲ್ಪವಿರಾಮಂಗಾ? ಅಯ್ಯೋ, ನನ್ನ ಗಂಡ ಆಸ್ಪತ್ರೇಲಿದ್ದಾಗಲೇ ನಾನು ಅಷ್ಟು ಪ್ರಾರ್ಥನೆ ಮಾಡಿಲ್ಲ. ಮುಂದೆ?”

“ಯುವರ್ ಮೋಸ್ಟ್ ಒಬಿಡಿಯಂಟ್ ಸರ್ವೆಂಟ್. ತಮ್ಮ ಮಾತನ್ನು ಎಲ್ಲರಿಗಿಂತ ಹೆಚ್ಚು ಕೇಳುವ ಆಳು.”

ಅವಳ ಮುಖದಲ್ಲಿದ್ದ ನಗು ಇಳಿಯಿತು. ಕಾಗದವನ್ನು ನನ್ನ ಕಡೆ ತಳ್ಳಿದಳು.

“ನಮ್ಮಮ್ಮ ಆಳಾಗಿದ್ದೋಳು. ಕಂಡೋರ ಮನೆ ಪಾತ್ರೆ ತಿಕ್ಕಿ, ರಜೆ ಕೇಳೋಕೆ ಹಿಂದಿನ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತಿರೋಳು. ನಾನು ಆಳಲ್ಲ ಅಕ್ಕ. ಪಂಪ್ ಆಪರೇಟರು. ಕೆಲಸ ಮಾಡ್ತೀನಿ, ರಜೆ ನನ್ನದು. ಬೇಡೋದು ಎಲ್ಲಿಂದ ಬಂತು?”

“ಅದು ಬರೀ ಮರ್ಯಾದೆ ಮಾತು ಕಣೇ. ಯಾರೂ ಅರ್ಥ ನೋಡಲ್ಲ.”

“ಅರ್ಥ ಇಲ್ಲ ಅಂದ್ಮೇಲೆ ತೆಗೆದುಬಿಡು.”

ಮೈಯೆಲ್ಲ ಉರಿಯಿತು ನನಗೆ. ಮೂವತ್ತೊಂದು ವರ್ಷದ ಕಸುಬನ್ನು ನಿನ್ನೆ ಮೊನ್ನೆ ಬಂದವಳು ಎರಡು ಮಾತಿನಲ್ಲಿ ಕಸದ ಬುಟ್ಟಿಗೆ ಹಾಕಿದಳಲ್ಲ! ಮೊದಲೇ ನಮ್ಮಿಬ್ಬರಿಗೆ ಅಷ್ಟಕ್ಕಷ್ಟೇ. ಅತ್ತೆ ಬದುಕಿದ್ದಾಗ ಚಿಕ್ಕ ಸೊಸೆಯ ಮೇಲೇ ಒಲವು ಜಾಸ್ತಿ ಅನ್ನುವ ಹಳೆಯ ಹೊಟ್ಟೆಕಿಚ್ಚು ಬೇರೆ. “ನಿನ್ನಿಷ್ಟ, ಏನಾದರೂ ಮಾಡಿಕೋ” ಅಂದೆ. ಅವಳು ಬಿಳಿ ಹಾಳೆಯಲ್ಲಿ ನೆಟ್ಟಗೆ ನಾಲ್ಕು ಸಾಲು ಬರೆದು ಕೊಟ್ಟಳು. ಮಗಳ ಹೆರಿಗೆ, ಇಷ್ಟು ದಿನ ರಜೆ ಬೇಕು, ದಯವಿಟ್ಟು ಮಂಜೂರು ಮಾಡಿ. ಅದೇ ಕಾಗದ ಮೂರು ಸಲ ಹೋಗಿ ಮೂರು ಸಲ ಬಂದದ್ದು.

ಸೋಮವಾರ ಸಂಜೆ ಎಲ್ಲರೂ ಹೋದ ಮೇಲೆ ನಾನು ರೆಕಾರ್ಡ್ ರೂಮಿನ ಬೀಗ ತೆಗೆದೆ. ಅವಳಿಗೆ ಸಹಾಯ ಮಾಡುವುದಕ್ಕಲ್ಲ, ಅವಳ ಬಾಯಿ ಮುಚ್ಚಿಸುವುದಕ್ಕೆ. ನೂರು ವರ್ಷದ ಹಿಂದೆ, ಪರದೇಶದ ದೊರೆಗಳು ಈ ಆಫೀಸು ನಡೆಸುತ್ತಿದ್ದ ಕಾಲದಿಂದಲೂ, ದೊಡ್ಡ ದೊಡ್ಡವರೇ ಈ ಮಾತು ಬರೆದಿದ್ದಾರೆ ನೋಡು, ನೀನು ಯಾವ ಮಹಾರಾಣಿ ಅಂತ ತೋರಿಸಬೇಕಿತ್ತು. ಕಪಾಟಿನ ಕೆಳಗಿನ ಸಾಲಿನಲ್ಲಿ ದಾರ ಕಟ್ಟಿದ ಹಳೆಯ ಫೈಲುಗಳು. ಧೂಳು ಕೊಡವಿ ನೆಲದ ಮೇಲೇ ಕೂತೆ.

ಮೊದಲು ಸಿಕ್ಕಿದ್ದು ಒಬ್ಬ ವಾಲ್ವ್‌ಮನ್ನಿನ ರಜೆಯ ಕಾಗದ. ಊರಿನ ನೀರಿನ ವಾಲ್ವ್ ತಿರುಗಿಸುವವನು. ತಮ್ಮನ ಮದುವೆಗೆ ಹತ್ತು ದಿನ ರಜೆ ಕೇಳಿದ್ದಾನೆ. ಯಾರ ಕೈಲೋ ಬರೆಸಿದ್ದು, ಕೊನೆಯಲ್ಲಿ ‘ಒಬಿಡಿಯಂಟ್ ಸರ್ವೆಂಟ್’, ಅದರ ಕೆಳಗೆ ಹೆಬ್ಬೆಟ್ಟು. ಸಿಕ್ಕಿತು ಅಂದುಕೊಂಡೆ. ಪುಟ ಮಗುಚಿದೆ. ಹಿಂದೆ ಉತ್ತರ ಇತ್ತು. ಬರೆದವನು ಆ ಕಾಲದ ಚೀಫ್ ಇಂಜಿನಿಯರ್ ದೊರೆ. ‘ಸರ್’ ಅಂತ ಶುರು. ವಾಲ್ವ್‌ಮನ್ನಿಗೆ ‘ಸರ್’! ‘ಐ ಹ್ಯಾವ್ ದಿ ಆನರ್ ಟು ಇನ್‌ಫಾರ್ಮ್ ಯೂ’, ತಮ್ಮ ಅಲ್ಟಿಮೋ ಒಂಬತ್ತನೇ ತಾರೀಕಿನ ಕಾಗದ ಬಂತು, ರಜೆ ಮಂಜೂರಾಗಿದೆ ಎಂದು ತಿಳಿಸುವ ಗೌರವ ನನ್ನದು. ಕೊನೆಯಲ್ಲಿ ಏನಿದೆ? ‘ಐ ಹ್ಯಾವ್ ದಿ ಆನರ್ ಟು ಬಿ, ಸರ್, ಯುವರ್ ಮೋಸ್ಟ್ ಒಬಿಡಿಯಂಟ್ ಸರ್ವೆಂಟ್.’ ಅದರ ಕೆಳಗೆ ದೊರೆಯ ಉದ್ದನೆಯ ಸಹಿ.

ಇನ್ನೊಂದು ತೆಗೆದೆ. ನಲ್ಲಿಯಲ್ಲಿ ಕೆಸರು ಬರುತ್ತಿದೆ ಅಂತ ದೂರು ಕೊಟ್ಟ ಒಬ್ಬ ವಿಧವೆಗೆ ಉತ್ತರ. ‘ಮೇಡಂ’ ಅಂತ ಶುರುವಾಗಿ ಅದೇ ಕೊನೆಯ ಸಾಲು. ಕಾವಲುಗಾರನಿಗೆ ಬರೆದದ್ದು, ಇಟ್ಟಿಗೆ ಗಾಡಿಯವನಿಗೆ ಬರೆದದ್ದು. ಒಬ್ಬನನ್ನು ಕೆಲಸದಿಂದ ತೆಗೆದುಹಾಕಿದ ಕಾಗದದಲ್ಲೂ ಕೊನೆಗೆ ‘ಯುವರ್ ಮೋಸ್ಟ್ ಒಬಿಡಿಯಂಟ್ ಸರ್ವೆಂಟ್’. ಅರವತ್ತಕ್ಕೂ ಹೆಚ್ಚು ಕಾಗದ ನೋಡಿದೆ. ಒಂದರಲ್ಲೂ ಮೇಲಿನವನು ಆ ಸಾಲು ಬಿಟ್ಟಿರಲಿಲ್ಲ.

ಆ ದೊರೆ ಸಂತನಾಗಿದ್ದ ಅಂತ ನಾನು ಹೇಳುತ್ತಿಲ್ಲ. ಕಾಗದದಲ್ಲಿ ‘ಸರ್’ ಅಂದು ಎದುರಿಗೆ ಸಿಕ್ಕಾಗ ಬೂಟುಗಾಲಿನಲ್ಲಿ ಒದ್ದಿರಲೂಬಹುದು. ಆ ಸಾಲು ಸುಳ್ಳೇ ಇರಲಿ. ಆದರೆ ಆಗ ಸುಳ್ಳನ್ನು ಎರಡೂ ಕಡೆಯವರು ಹೇಳುತ್ತಿದ್ದರು. ಅವನು ಬಗ್ಗಿದರೆ ಇವನೂ ಬಗ್ಗುತ್ತಿದ್ದ. ದೊರೆ ಹೋದ ಮೇಲೆ ಆ ಕುರ್ಚಿಯಲ್ಲಿ ಕೂತ ನಮ್ಮವರು ಮಾಡಿದ್ದೇನು? ಕೆಳಗಿನವನು ಬಗ್ಗುವುದನ್ನು ಭದ್ರವಾಗಿ ಇಟ್ಟುಕೊಂಡರು, ತಾವು ಬಗ್ಗಬೇಕಾದದ್ದನ್ನು ಸದ್ದಿಲ್ಲದೆ ನುಂಗಿದರು. ಆ ಅರ್ಧಕ್ಕೆ ‘ಪ್ರಾಪರ್ ಫಾರ್ಮ್’ ಅಂತ ಹೆಸರಿಟ್ಟರು. ನಾನು ಮೂವತ್ತೊಂದು ವರ್ಷ ಅದನ್ನೇ ಬಡಿದೆ, ಸಾಲದ್ದಕ್ಕೆ ಹೆಮ್ಮೆ ಬೇರೆ ಪಟ್ಟೆ. ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ಅಂಥ ಸಿಟ್ಟು ನನಗೆ ಮದುವೆಯ ಮೊದಲ ವರ್ಷದಿಂದೀಚೆಗೆ ಬಂದಿರಲಿಲ್ಲ.

ಮಂಗಳವಾರ ನೇರವಾಗಿ ಪಂಪ್‌ಹೌಸಿಗೆ ಹೋದೆ. ಓರಗಿತ್ತಿ ನೀರು ಸೋರದಂತೆ ವಾಲ್ವಿನ ಗ್ಲ್ಯಾಂಡ್ ಬಿಗಿ ಮಾಡುತ್ತಿದ್ದಳು. ಕೈಯೆಲ್ಲ ಗ್ರೀಸು. ಕಾಗದಗಳನ್ನು ಅವಳ ಮುಂದೆ ಹಿಡಿದು, ಮೋಟಾರಿನ ಸದ್ದಿನಲ್ಲಿ ಕೂಗಿ ಕೂಗಿ ಓದಿ ಹೇಳಿದೆ. ಅವಳು ಸ್ಪ್ಯಾನರ್ ಕೆಳಗಿಟ್ಟು ಕೇಳಿದಳು.

“ವಾಲ್ವ್‌ಮನ್ನಿಗೆ ಚೀಫ್ ಇಂಜಿನಿಯರ್ ಸರ್ವೆಂಟಾ?”

“ಕಾಗದದ ಮೇಲೆ.”

“ಕಾಗದದ ಮೇಲೇ ಇರಲಿ. ಅವನಿಗೂ ಹಾಗೆ ಬರೀತಾರೆ ಅಂದ್ಮೇಲೆ ಅವನು ಬರೆದ್ರೆ ಏನು ಹೋಯ್ತು? ಎರಡು ಕೈ ಸೇರಿದ್ರೆ ತಾನೆ ಚಪ್ಪಾಳೆ.” ಬಟ್ಟೆಗೆ ಕೈ ಒರೆಸಿಕೊಂಡಳು. “ಅಕ್ಕ, ನಿನ್ನ ನಮೂನೆ ಟೈಪ್ ಮಾಡು. ಬೆಗ್ಗು, ಸರ್ವೆಂಟು, ಒಂದೂ ಬಿಡಬೇಡ. ಸೈನ್ ಹಾಕ್ತೀನಿ. ಅಲ್ಪವಿರಾಮನೂ ನನಗೆ ಹಾಗೇ ಬರೀಲಿ.”

“ಬರೀದೇ ಹೋದ್ರೆ? ಗುರುವಾರ ನಾಲ್ಕಕ್ಕೆ ಬಸ್ಸು ಕಣೇ.”

“ಗೊತ್ತು,” ಅಂದಳು. ಸ್ಪ್ಯಾನರ್ ಮತ್ತೆ ಕೈಗೆತ್ತಿಕೊಂಡು, “ಭಯ ಆಗುತ್ತೆ ಅಕ್ಕ. ಆದ್ರೂ ಟೈಪ್ ಮಾಡು” ಅಂದಳು.

ಟೈಪ್ ಮಾಡಿದೆ. ಅವಳ ಅರ್ಜಿ ಒಂದು ಹಾಳೆ. ಅದಕ್ಕೆ ಸೂಪರಿಂಟೆಂಡೆಂಟರು ಸಹಿ ಹಾಕಬೇಕಾದ ಮಂಜೂರಾತಿ ಪತ್ರ ಇನ್ನೊಂದು ಹಾಳೆ. ವಾಲ್ವ್‌ಮನ್ನಿನ ಕಾಗದ ನೋಡಿಕೊಂಡು ಅಕ್ಷರಕ್ಕೆ ಅಕ್ಷರ ಹಾಗೇ ಬಡಿದೆ, ‘ಸರ್’ ಇದ್ದಲ್ಲಿ ಮಾತ್ರ ‘ಮೇಡಂ’. ಬುಧವಾರ ಅಲ್ಪವಿರಾಮರು ಇನ್‌ಸ್ಪೆಕ್ಷನ್ನಿಗೆ ಹೋಗಿದ್ದರು. ಗುರುವಾರ ಬಂದದ್ದೇ ಮಧ್ಯಾಹ್ನ ಎರಡೂವರೆಗೆ. ಎರಡೂ ಹಾಳೆಗಳನ್ನು ಪಿನ್ ಮಾಡಿ ಅವರ ಮೇಜಿನ ಮೇಲಿಟ್ಟೆ. ಓರಗಿತ್ತಿ ಹೆಗಲಿಗೆ ಬ್ಯಾಗು ಹಾಕಿಕೊಂಡೇ ನನ್ನ ಹಿಂದೆ ನಿಂತಿದ್ದಳು.

ಅರ್ಜಿ ಓದಿ ಅಲ್ಪವಿರಾಮರ ಮುಖ ಅರಳಿತು.

“ನೋಡಮ್ಮಾ, ಈಗ ಬಂದೆ ದಾರಿಗೆ. ಇಷ್ಟು ದಿನ ಇದಕ್ಕೇನಾಗಿತ್ತು ನಿನಗೆ? ಈ ಆಫೀಸಿನ ಪದ್ಧತಿ ನೂರು ವರ್ಷದ್ದು. ಸರ್ವೆಂಟು ಅಂತ ಬರೆದ ಮಾತ್ರಕ್ಕೆ ಯಾರೂ ಸರ್ವೆಂಟ್ ಆಗಲ್ಲ. ಅದು ಬರೀ ಫಾರ್ಮು. ಅದಕ್ಕೆ ಅರ್ಥ ಹುಡುಕ್ತಾ ಕೂರಬಾರದು.”

“ಹೌದು ಸರ್,” ಅಂದೆ ನಾನು. “ಹಿಂದಿನ ಹಾಳೆಗೆ ತಾವೂ ಒಂದು ಸೈನ್ ಹಾಕಿಬಿಡಿ.”

ಹಸಿರು ಪೆನ್ನಿನ ಮುಚ್ಚಳ ತೆಗೆದರು. ಪದ್ಧತಿ ಪ್ರಕಾರ ಮೇಲಿನ ಸಾಲಿನಿಂದ ಓದುತ್ತಾ ಬಂದರು. ‘ಮೇಡಂ’ ಹತ್ತಿರ ಹುಬ್ಬು ಏರಿತು. ‘ಆನರ್’ ಹತ್ತಿರ ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಯ ಸಾಲಿಗೆ ಬಂದಾಗ ಕುರ್ಚಿಯಿಂದ ಎದ್ದೇ ಬಿಟ್ಟರು.

“ಏನ್ರೀ ಇದು! ತಲೆ ಸರಿಯಿದೆಯಾ ನಿಮಗೆ? ಪಂಪ್ ನಡೆಸೋಳಿಗೆ ನಾನು ಸರ್ವೆಂಟಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಅದೇ ಆಯಿತು. ಕೂಗು ಕೇಳಿ ಪಕ್ಕದ ರೂಮಿನ ಗುಮಾಸ್ತರೆಲ್ಲ ಬಾಗಿಲಿಗೆ ಬಂದರು.

“ಬರೀ ಫಾರ್ಮು ಸರ್,” ಅಂದೆ. “ಅರ್ಥ ಹುಡುಕಬಾರದು ಅಂತ ತಾವೇ ಈಗ ತಾನೆ ಹೇಳಿದಿರಿ.”

“ನನಗೇ ಪಾಠ ಹೇಳ್ತೀರಾ? ಇಂಥ ಫಾರ್ಮು ಎಲ್ಲಿದೆ?”

ವಾಲ್ವ್‌ಮನ್ನಿನ ಫೈಲು ಬಿಚ್ಚಿ ಮುಂದಿಟ್ಟೆ. ವಿಧವೆಯದು ಇಟ್ಟೆ. ಕಾವಲುಗಾರನದು, ಗಾಡಿಯವನದು, ಒಂದರ ಮೇಲೊಂದು ಇಡುತ್ತಾ ಹೋದೆ. “ತಮ್ಮ ಕುರ್ಚಿಗಿಂತ ದೊಡ್ಡ ಕುರ್ಚಿಯವರ ಸಹಿ ಸರ್ ಇವು. ನೂರು ವರ್ಷದ ಪದ್ಧತಿ ಅಂದಿರಲ್ಲ, ಇದು ಅದರ ಇನ್ನೊಂದು ಅರ್ಧ. ಇದನ್ನು ತಿಂದವರು ಯಾರು?”

ಅವರು ಓದಿದರು. ಒಂದು, ಎರಡು, ಮೂರು. ಓದಿದಷ್ಟೂ ಕಿವಿ ಕೆಂಪಾಯಿತು. ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ. ಬಸ್ ಸ್ಟ್ಯಾಂಡಿಗೆ ಅರ್ಧ ಗಂಟೆಯ ದಾರಿ.

“ಇದಕ್ಕೆ ನಾನು ಸಹಿ ಹಾಕಲ್ಲ.”

“ಹಾಗಾದ್ರೆ ನನ್ನದೂ ವಾಪಸ್ ಕೊಡಿ ಸರ್,” ಅಂದಳು ಓರಗಿತ್ತಿ. “ನೀವು ನನಗೆ ಬರೆಯೋಕೆ ಆಗದ ಮಾತನ್ನ ನಾನು ಯಾಕೆ ನಿಮಗೆ ಬರೀಲಿ? ನಾಳೆ ನನ್ನ ಮಗಳಿಗೆ ಆಪರೇಷನ್. ಹೋದ ಸಲ ಮಗು ಸತ್ತು ಹುಟ್ಟಿದಾಗ ನಾನು ನಿಮ್ಮ ಊರಿಗೆ ನೀರು ಬಿಡ್ತಾ ಕೂತಿದ್ದೆ. ಈ ಸಲ ಹೋಗೇ ಹೋಗ್ತೀನಿ. ಮಂಜೂರು ಮಾಡಿದ್ರೂ ಹೋಗ್ತೀನಿ, ಮಾಡದೇ ಇದ್ರೂ ಹೋಗ್ತೀನಿ. ಕೆಲಸದಿಂದ ತೆಗೀತೀರಾ, ತೆಗೀರಿ. ಯಾಕೆ ತೆಗೆದೆ ಅಂತ ಬರೆಯುವಾಗ, ಸರ್ವೆಂಟು ಅನ್ನೋ ಒಂದು ಮಾತಿಗೋಸ್ಕರ ಅಂತ ಬರೀರಿ.”

ಬಾಗಿಲಲ್ಲಿದ್ದವರು ಯಾರೂ ಅಲ್ಲಿಂದ ಹೋಗಲಿಲ್ಲ. ಅವರಲ್ಲಿ ಪ್ರತಿಯೊಬ್ಬನೂ ಆ ನಮೂನೆಗೆ ಹತ್ತಾರು ಸಲ ಸಹಿ ಹಾಕಿದವನೇ. ಅಲ್ಪವಿರಾಮರು ಅವರನ್ನು ನೋಡಿದರು, ಫೈಲುಗಳನ್ನು ನೋಡಿದರು. ಆಮೇಲೆ ಕೂತು, ತಮ್ಮ ಹಾಳೆಯ ಕೊನೆಯ ಸಾಲಿನ ಮೇಲೆ ಹಸಿರು ಗೆರೆ ಎಳೆದರು. ಪೆನ್ನಿನ ತುದಿಗೆ ಕಾಗದ ಸ್ವಲ್ಪ ಹರಿಯಿತು. ಕೆಳಗೆ ಸಹಿ ಹಾಕಿ ನೂಕಿದರು.

“ಹೋಗು. ಹದಿನೈದು ದಿನ ಮಂಜೂರು.”

ನಾನು ಹಾಳೆ ತೆಗೆದುಕೊಂಡು ಅವಳ ಕೈಗಿಟ್ಟೆ. “ಓಡು, ಬಸ್ಸು ತಪ್ಪುತ್ತೆ.”

ಅವಳು ಅಲ್ಲಾಡಲಿಲ್ಲ.

“ನನ್ನ ಅರ್ಜಿಯಲ್ಲೂ ಆ ಸಾಲು ಹೊಡೀರಿ ಸರ್.”

ಕೆಲಸ ಉಳಿದಿತ್ತು, ರಜೆ ಕೈಯಲ್ಲಿತ್ತು. ಹೊರಟರೆ ಎಲ್ಲ ಸಿಕ್ಕಂತೆ. ನಿಂತರೆ ಬಸ್ಸು ಹೋಗುತ್ತದೆ, ಈ ಮನುಷ್ಯ ಕೋಪದಲ್ಲಿ ಹಾಳೆ ಹರಿದರೂ ಹರಿದಾನು. “ಏಯ್, ಸಾಕು ಬಾರೇ” ಅಂತ ತೋಳು ಹಿಡಿದು ಎಳೆದೆ. ನನ್ನ ಕೈ ಬಿಡಿಸಿಕೊಂಡಳು.

“ಫೈಲಿನಲ್ಲಿ ನಾನೊಬ್ಬಳೇ ಆಳಾಗಿ ಉಳಿಯಲ್ಲ ಅಕ್ಕ. ಹೊಡೀಲಿ, ಆಮೇಲೆ ಹೋಗ್ತೀನಿ.”

ಮೂರು ಇಪ್ಪತ್ತು. ಮೂರು ಇಪ್ಪತ್ತೆರಡು. ಅಲ್ಪವಿರಾಮರು ಅವಳ ಮುಖವನ್ನೇ ನೋಡಿದರು. ಬಹುಶಃ ಅದೇ ಮೊದಲ ಸಲ ನೋಡಿದ್ದು. ಅರ್ಜಿ ಎಳೆದುಕೊಂಡು ಆ ಸಾಲಿನ ಮೇಲೆ ಗೆರೆ ಹೊಡೆದರು. ಅವಳು ಬೆರಳಿಟ್ಟು ತೋರಿಸಿದ ಕಡೆ, ‘ಬೆಗ್’ ಮೇಲೂ ಹೊಡೆದರು. ಅವಳು ಬ್ಯಾಗು ಏರಿಸಿಕೊಂಡು, ಬಾಗಿಲಲ್ಲಿದ್ದವರ ನಡುವೆ ನುಗ್ಗಿ ಓಡಿದಳು. ಗುಮಾಸ್ತರಲ್ಲೊಬ್ಬ “ಬನ್ನಿ ಅಕ್ಕ, ಗಾಡಿಯಲ್ಲಿ ಬಿಡ್ತೀನಿ” ಅಂತ ಹಿಂದೆಯೇ ಓಡಿದ.

ಶುಕ್ರವಾರ ಹನ್ನೊಂದೂವರೆಗೆ ಫೋನ್ ಬಂತು. ಗಂಡು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. “ಹೊರಗೆ ತಂದ ತಕ್ಷಣ ನನ್ನ ಕೈಗೇ ಕೊಟ್ಟರು ಅಕ್ಕ” ಅಂದವಳು ಮುಂದೆ ಮಾತಾಡಲಾಗದೆ ಅತ್ತುಬಿಟ್ಟಳು. ನಾನೂ ಟೈಪಿಂಗ್ ಟೇಬಲ್ಲಿನಲ್ಲೇ ಕೂತು ಅತ್ತೆ. ಯಾರು ನೋಡಿದರೆ ನನಗೇನು?

ಸೋಮವಾರ ನನ್ನ ಹೆಸರಿಗೆ ಮೆಮೋ ಬಂತು. ಮೇಲಧಿಕಾರಿಯ ಜೊತೆ ಉದ್ಧಟತನ, ಅನುಮತಿಯಿಲ್ಲದೆ ಹಳೆಯ ದಾಖಲೆ ತೆಗೆದದ್ದು, ನಮೂನೆಗೆ ವಿರುದ್ಧವಾಗಿ ಕಾಗದ ತಯಾರಿಸಿದ್ದು. ಮೂರು ದಿನದೊಳಗೆ ವಿವರಣೆ ಕೊಡದಿದ್ದರೆ ಟೈಪಿಂಗ್‌ನಿಂದ ತೆಗೆದು ಪೈಪು ಗೋದಾಮಿಗೆ ಹಾಕುತ್ತಾರಂತೆ. ಪೂರ್ತಿ ಹಸಿರು ಶಾಯಿಯಲ್ಲಿ ಕೈಯಲ್ಲೇ ಬರೆದಿದ್ದರು, ನನ್ನ ಕೈಲಿ ಟೈಪ್ ಮಾಡಿಸುವ ಧೈರ್ಯವಾಗಲಿಲ್ಲವೇನೋ. “ಸಾರಿ ಅಂತ ಒಂದು ಮಾತು ಬರೆದು ಕೊಟ್ಟುಬಿಡಿ ಮೇಡಂ, ರಿಟೈರ್ ಆಗೋಕೆ ಎರಡು ವರ್ಷ ಉಳಿದಿದೆ” ಅಂತ ಎಲ್ಲರೂ ಬುದ್ಧಿ ಹೇಳಿದರು.

ಮೂರು ದಿನ ಯಾಕೆ, ಮೂರು ನಿಮಿಷ ಸಾಕಾಯಿತು. ಕನ್ನಡದಲ್ಲೇ ಬಡಿದೆ. ‘ಆ ಕಾಗದ ಟೈಪ್ ಮಾಡಿದ್ದು ನಾನೇ. ತಿಳಿದೇ ಮಾಡಿದೆ. ಇನ್ನು ಮುಂದೆ ಈ ಆಫೀಸಿನಲ್ಲಿ ಆ ಸಾಲು ಬರೆದರೆ ಇಬ್ಬರೂ ಬರೆಯಬೇಕು, ಬಿಟ್ಟರೆ ಇಬ್ಬರೂ ಬಿಡಬೇಕು. ಗೋದಾಮಿನ ಬೀಗದ ಕೈ ಯಾರ ಹತ್ತಿರ ಇದೆ, ತಿಳಿಸಿ.’ ಬೆರಳುಗಳು ಅಭ್ಯಾಸಬಲದಿಂದ ಕೆಳಗಿನ ಸಾಲಿಗೆ ಹೋಗಿ ‘ಯುವರ್’ ಅಂತ ಬಡಿದುಬಿಟ್ಟವು. ಅಳಿಸಿದೆ. ಆ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ.